ಮೂಗಿನೊಳಗಿನ ಶೇಂಗಾ

ಹೋದ ವಾರ ನಮ್ಮ ಮನೆಯ ಗುಟ್ಟೊಂದು ಹಿತ್ತಲಿನ ಕುರಿಮರಿಗೆ ಮಾತ್ರ ಗೊತ್ತಿತ್ತು.

ನನ್ನ ನಾಲ್ಕು ವರ್ಷದ ಮಗಳು ಸಿಂಚನಾಗೆ ನೆಗಡಿ. ಅದೂ ಒಂದೇ ಹೊಳ್ಳೆಗೆ! (ನೆಗಡಿಯಲ್ಲೂ ಸಿಂಗಲ್ ಸಿಮ್ ಇರುತ್ತಾ?) ಜೊತೆಗೆ ಕೆಟ್ಟ ವಾಸನೆ. ನನ್ನವ್ವ ಓಂಕಾಳಿನ ಹೊಗೆ ಹಾಕಿದಳು, ದೃಷ್ಟಿ ತೆಗೆದಳು. ನಾನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಬೆವೆತೆ. ಆಸ್ಪತ್ರೆ ಎಂದರೆ ಸಾಕು, ಮಗಳು ಮಂಚದ ಕೆಳಗೆ ಮಾಯ.

ಯಾಕೆ ಅಂತೀರಾ? ಮಗಳು ತಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ಅವ್ವ, "ಉಣ್ಣು, ಇಲ್ಲಂದ್ರ ಡಾಕ್ಟರು ಸೂಜಿ ಚುಚ್ಚತಾರ" ಅನ್ನುತ್ತಾಳೆ. ಹಲ್ಲುಜ್ಜದಿದ್ದರೆ ನನ್ನ ಹೆಂಡತಿ ಗಂಗಾ ಅದನ್ನೇ ಅನ್ನುತ್ತಾಳೆ. ನಿದ್ದೆ ಮಾಡದಿದ್ದರೆ ನಾನು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿವರೆಗೆ ಯಾವ ಮನೆಗೆ ಹೋದರೂ ಪಾಪ, ಡಾಕ್ಟರಿಗೆ ಇದೇ ಡ್ಯೂಟಿ ಬಿಡಿ.

ಮೊನ್ನೆ ಸಂಜೆ ಗಂಗಾ ಹಿತ್ತಲಿಗೆ ಹೋದಾಗ ಮಗಳು ಕುರಿಮರಿಯನ್ನು ತಬ್ಬಿಕೊಂಡು ಪಿಸುಗುಡುತ್ತಿದ್ದಳಂತೆ: "ನನ್ನ ಮೂಗಿನ್ಯಾಗ ಶೇಂಗಾ ಐತಿ. ಯಾರಿಗೂ ಹೇಳಬ್ಯಾಡ ಹಾಂ, ಡಾಕ್ಟರು ಸೂಜಿ ಚುಚ್ಚತಾರ."

ಗಂಗಾ ಓಡಿಬಂದು ನಮಗೆ ಹೇಳಿದಳು. ನಾವೆಲ್ಲ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕುಳಿತಾಗ ಈಕೆ ಒಂದು ಕಾಳನ್ನು ಮೂಗಿನಲ್ಲಿ ಬಿತ್ತಿಕೊಂಡಿದ್ದಳು! ಅದು ಉಸಿರಿನ ಜೊತೆ ಒಳಗೆ ಇಳಿದಿದ್ದರೆ? ಅವ್ವನೂ ಬಿಡಲಿಲ್ಲ, ಎಲ್ಲರೂ ಆಟೋ ಹತ್ತಿದೆವು.

ಡಾಕ್ಟರಮ್ಮ ಸಣ್ಣ ಕೊಕ್ಕೆಯಿಂದ ಉಬ್ಬಿದ ಕಾಳನ್ನು ಹೊರಗೆ ಎಳೆದರು. ಸೂಜಿ ಇಲ್ಲ, ಅಳು ಇಲ್ಲ.

"ಮೊದಲ ಯಾಕ ಹೇಳಲಿಲ್ಲ ಪುಟ್ಟಿ?"

"ನೀವು ಸೂಜಿ ಚುಚ್ಚತೀರಿ ಅಂತ ಇವರೆಲ್ಲಾ ಅಂದಿದ್ರು."

ನಾವು ಮೂವರೂ ತಲೆ ಎತ್ತಿ ಫ್ಯಾನ್ ನೋಡತೊಡಗಿದೆವು.

"ಹಿಂಗ ಹೆದರಿಸಿದ್ರ ನಾಳೆ ಹಾವು ಕಡಿದ್ರೂ ಹುಡುಗಿ ಬಾಯಿ ಬಿಡಂಗಿಲ್ಲ ನೋಡ್ರಿ" ಎಂದರು ಡಾಕ್ಟರಮ್ಮ.

ಶೇಂಗಾಕ್ಕಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ. ನಿಜ ಅಲ್ಲವೇ? ನಾವು ಬಾದಾಮಿ ತಿನ್ನಿಸುತ್ತೇವೆ, ಕೈ ತೊಳೆಸುತ್ತೇವೆ. ಆದರೆ ನೋವಾದಾಗ ಓಡಿಬಂದು ಹೇಳುವ ಧೈರ್ಯವನ್ನು ನಾವೇ ಕಿತ್ತುಕೊಂಡರೆ ಮಗುವನ್ನು ಕಾಯುವವರು ಯಾರು? ಕುರಿಮರಿಯೇ?

ಇನ್ನು ಮುಂದೆ ಡಾಕ್ಟರ ಹೆಸರಲ್ಲಿ ಹೆದರಿಸುವುದಿಲ್ಲ ಅಂತ ವಾಪಸ್ ಬರುವಾಗ ಮೂವರೂ ಆಣೆ ಮಾಡಿದೆವು.

ಊಟದ ಹೊತ್ತಿಗೆ ಅವ್ವ ತನ್ನ ಬಿಪಿ ಗುಳಿಗೆಯನ್ನು ಮೆಲ್ಲಗೆ ತಟ್ಟೆಯ ಕೆಳಗೆ ಸರಿಸಿದಳು. ಪಕ್ಕದಿಂದ ಸಿಂಚನಾಳ ದನಿ ಬಂತು:

"ಗುಳಗಿ ನುಂಗಬೇ ಅಜ್ಜಿ, ಇಲ್ಲಂದ್ರ ಡಾಕ್ಟರು ಮೂಗಿನ್ಯಾಗ ಶೇಂಗಾ ಇಡ್ತಾರ!"

ಅವ್ವ ಗಟಗಟ ನೀರು ಕುಡಿದು ನುಂಗಿದಳು. ನಾವು ಬಿಟ್ಟ ಚಟ ಯಾರ ಹತ್ತಿರ ಹೋಯಿತು ಅಂತ ಗೊತ್ತಾಯ್ತಲ್ಲ?