ರುದ್ರವ್ವನ ಬಸ್ಕಿ

ಮರಾಠಿ ಮಾತಿನ ಶಹರದ ಭವಾನಿ ಪೇಟೆಯ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಈರಬಸಪ್ಪನಿಗೆ ೧೯೩೮ರ ಸಂಕ್ರಾಂತಿ ಕಳೆದ ವಾರ ಲಕ್ವ ಹೊಡೆಯಿತು. ಹತ್ತಾರು ಬಿಡಾರಗಳ ವಾಡೆಯ ನಳದ ಮುಂದೆ ಮುಖ ತೊಳೆಯುತ್ತಿದ್ದವನು ಅಲ್ಲೇ ಕುಸಿದ. ಬಲಗೈ, ಬಲಗಾಲು ಹೋದವು. ಮಾತು ಪೂರಾ ಹೋಗಲಿಲ್ಲ. ಆದರೆ ಬಾಯಿಂದ ಹೊರಗೆ ಬರುವಷ್ಟರಲ್ಲಿ ತುಂಡು ತುಂಡಾಗಿರುತ್ತಿತ್ತು. ನವಲಗುಂದದ ಗರಡಿಯಲ್ಲಿ ಸಾಮು ಮಾಡಿ ಬೆಳೆದ ಮೈ ಅದು. ನಲವತ್ತೈದು ದಾಟಿದ್ದರೂ ಎರಡೂವರೆ ಮಣಕ್ಕೆ, ಅಂದರೆ ಇನ್ನೂರು ಪೌಂಡಿಗೆ, ಕಡಿಮೆ ತೂಗುತ್ತಿರಲಿಲ್ಲ. ಅವನ ಹೆಂಡತಿ ರುದ್ರವ್ವ ನಿಂತರೆ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು, ಅಷ್ಟೇ.

ಮಕ್ಕಳಿರಲಿಲ್ಲ. ನಾನಾ ಪೇಟೆಯ ಆ ವಾಡೆಯ ಮಹಡಿಯ ಮೇಲೆ ಎರಡು ಕೋಣೆ. ಊರು ಬಿಟ್ಟು ಬಂದು ಒಂಟಿಯಾಗಿದ್ದ ಏಳೆಂಟು ಮಂದಿ ಕನ್ನಡ ಗುಮಾಸ್ತರಿಗೆ ರುದ್ರವ್ವ ಜೋಳದ ರೊಟ್ಟಿ, ಪಲ್ಯ ಮಾಡಿಕೊಡಲು ಶುರುಮಾಡಿದಳು. ಜೀವನ ಹೇಗೋ ಸಾಗಿತು. ಸಾಗದೆ ಇದ್ದದ್ದು ಒಂದೇ: ಗಂಡನನ್ನು ಎತ್ತುವ ಕೆಲಸ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಡತಿಯ ಹಮಾಲ ಪಂಢರಿನಾಥ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಮ್ಮೆ, ಸಂಜೆ ಮರಳುವಾಗ ಒಮ್ಮೆ ಬಂದು ಎತ್ತಿ ಕೂರಿಸಿ, ಮೈ ಒರೆಸಲು ನೆರವಾಗಿ ಹೋಗುತ್ತಿದ್ದ. ನಡುವಿನ ಒಂಬತ್ತು ತಾಸು ಗಂಡ ಹೆಂಡತಿ ಇಬ್ಬರೇ.

ಒಂದು ಮಧ್ಯಾಹ್ನ ಈರಬಸಪ್ಪ ಎಡಗೈಯಿಂದ ಗೋಡೆ ಬಡಿದ. ರುದ್ರವ್ವ ರೊಟ್ಟಿ ಬಿಟ್ಟು ಓಡಿ ಬಂದಳು. ಅವನ ಕಂಕುಳಲ್ಲಿ ಕೈ ತೂರಿಸಿ, ಹಲ್ಲು ಕಚ್ಚಿ ಎಳೆದಳು. ಅರ್ಧಕ್ಕೆ ಎದ್ದ ಮೈ ಜಾರಿತು. ಅವನ ತಲೆ ಮಂಚದ ಕಾಲಿಗೆ ತಗುಲಿತು. ಅವನು ನೆಲದ ಮೇಲೆ, ಹಸಿಯಾದ ಧೋತರದಲ್ಲಿ ಬಿದ್ದುಕೊಂಡ. ಎತ್ತಲು ಆಗಲಿಲ್ಲ. ಎರಡನೆಯ ಸಲ ಆಗಲಿಲ್ಲ, ಮೂರನೆಯ ಸಲವೂ ಆಗಲಿಲ್ಲ. ಕೊನೆಗೆ ಅವಳು ಅವನ ತಲೆಯ ಕೆಳಗೆ ತನ್ನ ತೊಡೆ ಕೊಟ್ಟು, ಪಂಢರಿನಾಥ ಬರುವ ತನಕ ಹಾಗೆಯೇ ಕೂತಳು. ಒಳಗೆ ಹಂಚಿನ ಮೇಲಿನ ರೊಟ್ಟಿ ಸುಟ್ಟು ಇದ್ದಿಲಾಯಿತು. ಈರಬಸಪ್ಪ ಅತ್ತಿತ್ತ ನೋಡಲಿಲ್ಲ, ಜಂತಿಯನ್ನೇ ನೋಡುತ್ತಿದ್ದ. ಅವನ ಎಡಗಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು.

ಈ ಸುದ್ದಿ ಕೆಳಗಿನ ಮನೆಯ ರಂಗೂಬಾಯಿಗೆ ತಿಳಿಯಿತು. ರಂಗೂಬಾಯಿ ಅರವತ್ತರ ಮುದುಕಿ, ಮಾತು ಕಡ್ಡಿ ಮುರಿದಂತೆ. "ಅಳೂದರಿಂದ ಗಂಡ ಏಳೂದಿಲ್ಲ" ಎಂದಳು ಮರಾಠಿಯಲ್ಲಿ. "ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆ ಅಂಗಳದೊಳಗ ದಿನಾ ಬೆಳಿಗ್ಗೆ ಹೆಂಗಸರಿಗೆ ವ್ಯಾಯಾಮ ಕಲಿಸ್ತಾರ. ಹೋಗು. ತೋಳಿನಾಗ ಬಲ ಬರ್ತದ."

ರುದ್ರವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂವತ್ತೇಳು ವರ್ಷದ ಹೆಂಗಸು, ತಲೆಯ ಮೇಲಿನ ಸೆರಗು ಜಾರಿದರೆ ನಾಲಿಗೆ ಕಚ್ಚಿಕೊಳ್ಳುವವಳು, ಬಯಲಲ್ಲಿ ನಿಂತು ಕೈಕಾಲು ಬೀಸುವುದೇ?

ಆದರೂ ಮರುದಿನ ಹೋದಳು. ಪಂಢರಿನಾಥ ಬಂದು ಗಂಡನನ್ನು ಕೂರಿಸಿದ ಮೇಲೆ, ತರಕಾರಿ ತರುತ್ತೇನೆಂದು ಸುಳ್ಳು ಹೇಳಿ ಶಾಲೆಯ ಬಾಗಿಲ ತನಕ ನಡೆದಳು. ಒಳಗೆ ಇಪ್ಪತ್ತು ಇಪ್ಪತ್ತೈದು ಹುಡುಗಿಯರು, ನಡುನಡುವೆ ಕೆಲವು ಗೃಹಿಣಿಯರು, ಎಲ್ಲರೂ ಕಚ್ಚೆ ಬಿಗಿದು ಸಾಲಾಗಿ ನಿಂತಿದ್ದರು. ಕಲಿಸುವವಳು ಪ್ರಫುಲ್ಲಾ ಎಂಬ ಇಪ್ಪತ್ತಮೂರರ ಶಿಕ್ಷಕಿ. "ಏಕ್, ದೋನ್" ಎಂದು ಅವಳು ಕೂಗಿದಂತೆ ಎಲ್ಲ ತಲೆಗಳೂ ಒಟ್ಟಿಗೆ ಬಾಗಿ ಏಳುತ್ತಿದ್ದವು. ರುದ್ರವ್ವ ಬಾಗಿಲ ಕಂಬ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಒಬ್ಬ ಹುಡುಗಿ ತಿರುಗಿ ನೋಡಿದೊಡನೆ ಮನೆಯ ದಾರಿ ಹಿಡಿದಳು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ರಂಗೂಬಾಯಿ ಅವಳ ರಟ್ಟೆ ಹಿಡಿದು ಒಳಗೆ ನೂಕಿ, ತಾನು ಹೊರಗೆ ಬಾಗಿಲಲ್ಲಿ ಕೂತುಬಿಟ್ಟಳು.

"ಕಾಕೂ, ಕಚ್ಚೆ ಹಾಕಿಕೊಳ್ಳಿ" ಎಂದಳು ಪ್ರಫುಲ್ಲಾ, ಚಿಕ್ಕಮ್ಮನನ್ನು ಕರೆದಂತೆ.

"ಕಚ್ಚಿ ನಮ್ಮ ಮಂದ್ಯಾಗ ಇಲ್ರಿ ಬಾಯೀರ" ಎಂದಳು ರುದ್ರವ್ವ. ಗಾಬರಿಯಲ್ಲಿ ಮರಾಠಿಯೇ ಮರೆತು ಕನ್ನಡದಲ್ಲಿ ಹೇಳಿದ್ದಳು. ಹುಡುಗಿಯರು ಕಿಸಕ್ಕನೆ ನಕ್ಕರು.

ಪ್ರಫುಲ್ಲಾ ನಗಲಿಲ್ಲ. ಸೀರೆಯ ಅಂಚನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಲು ತೋರಿಸಿ, ಕೊನೆಯ ಸಾಲಿನಲ್ಲಿ ನಿಲ್ಲಿಸಿದಳು. ಉಜವಾ ಎಂದರೆ ಬಲ, ಡಾವಾ ಎಂದರೆ ಎಡ ಎಂದು ಪೇಟೆಯಲ್ಲಿ ದಾರಿ ಕೇಳುವಾಗ ರುದ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆ ದಿನ ಮಾತ್ರ ಎಲ್ಲರ ಕೈ ಬಲಕ್ಕೆ ಹೋದರೆ ಅವಳದು ಎಡಕ್ಕೆ ಹೋಯಿತು. ಪಕ್ಕದವಳ ಕಿವಿಗೆ ಬಡಿಯಿತು. ಕಣಕಾಲು ಕಾಣುತ್ತಿದೆಯೆಂಬ ನಾಚಿಕೆಗೆ ಬಗ್ಗಿ ಬಗ್ಗಿ ಸೀರೆ ಇಳಿಸಿಕೊಂಡಳು. ಐದನೆಯ ಬಸ್ಕಿಗೆ ಮೊಣಕಾಲು ಸೋತು ಕೂತಲ್ಲೇ ಕೂತಳು. ಮನೆಗೆ ಬಂದು ಅಡುಗೆಕೋಣೆಯ ಮೂಲೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇನ್ನು ಹೋಗುವುದಿಲ್ಲ ಎಂದು ನಿಶ್ಚಯಿಸಿದಳು. ಮಧ್ಯಾಹ್ನ ಗೋಡೆ ಬಡಿದ ಸದ್ದು ಕೇಳಿತು. ಮರುದಿನ ಮತ್ತೆ ಹೋದಳು.

ಗಂಡನಿಗೆ ಹೇಳುವ ಧೈರ್ಯವಾಗಲಿಲ್ಲ. ಅವನು ನಿದ್ದೆಹೋದನೆಂದು ತಿಳಿದು ಒಂದು ದಿನ ಅವನ ಕೋಣೆಯಲ್ಲೇ ಬಸ್ಕಿ ಹೊಡೆಯುತ್ತಿದ್ದಳು. ಹಿಂದಿನಿಂದ ಗೊರಗೊರ ದನಿ ಕೇಳಿತು.

"ಹಿ... ಹಿಮ್ಮಡಿ."

ಅವಳು ಬೆಚ್ಚಿ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. ಶಾಲೆಯ ಅಂಗಳದಲ್ಲೂ ಅಷ್ಟು ನಾಚಿರಲಿಲ್ಲ.

"ಹಿಮ್ಮಡಿ... ಊರು" ಎಂದ ಈರಬಸಪ್ಪ, ಎಡ ಅಂಗೈಯನ್ನು ಹಾಸಿಗೆಗೆ ಒತ್ತಿ ತೋರಿಸಿ. "ಬೆನ್ನ... ನೆಟ್ಟಗ."

"ನಗಬ್ಯಾಡ್ರಿ ಮತ್ತ" ಎಂದಳು ಅವಳು.

"ನಗೂದಿಲ್ಲ. ಮಾಡು."

ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಅವಳು ಬಸ್ಕಿ ಹೊಡೆದಳು. ಅವನು ಎಡಗೈಯ ಬೆರಳಿನಿಂದ ಮಂಚದ ಪಟ್ಟಿಗೆ ತಟ್ಟಿ ಎಣಿಸಿದ. ಹದಿನಾಲ್ಕಕ್ಕೆ ಅವಳು ನಿಂತಳು. "ಇನ್... ಒಂದು" ಎಂದ. ಹೊಡೆದಳು. ಲಕ್ವ ಹೊಡೆದ ಮೇಲೆ ಅವನ ಮುಖದಲ್ಲಿ ಮೊದಲ ಸಲ ನಗೆಯಂಥದ್ದು ಕಂಡಿತು. ಬಾಯಿಯ ಒಂದು ಮೂಲೆ ಮಾತ್ರ ಮೇಲೆದ್ದಿತ್ತು. ಅಂದಿನಿಂದ ಅವನೇ ಅವಳಿಗೆ ಸಾಮು ಕಲಿಸುವ ವಸ್ತಾದಿಯಾದ. ಎತ್ತುವ ವರಸೆಯನ್ನೂ ಹೇಳಿಕೊಟ್ಟ: ತೋಳಿನಿಂದ ಎಳೆಯಬಾರದು, ಮೊಣಕಾಲು ಮಡಿಸಿ ಎದೆಗೆ ಎದೆ ತಂದು ತೊಡೆಯ ಬಲದಿಂದ ಏಳಬೇಕು. ಇಷ್ಟು ಹೇಳಿ ಮುಗಿಸಲು ಅವನಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಜ್ಯೇಷ್ಠ ಮಾಸದ ಹೊತ್ತಿಗೆ ರುದ್ರವ್ವ ಅಂಗಳದಲ್ಲಿ ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಬಂದಿದ್ದಳು. ಸೆರಗು ಸೊಂಟದಲ್ಲಿರುತ್ತಿತ್ತು, ತಲೆಯ ಮೇಲೆ ಇರುತ್ತಿರಲಿಲ್ಲ. ಮೊದಲು ನಕ್ಕಿದ್ದ ಹುಡುಗಿಯರೇ ಈಗ ಅವಳ ಪಕ್ಕ ನಿಲ್ಲಲು ಜಗಳಾಡುತ್ತಿದ್ದರು. ಆಷಾಢದ ಒಂದು ಮಧ್ಯಾಹ್ನ ಅವಳು ಗಂಡನ ಎದೆಗೆ ಎದೆ ಕೊಟ್ಟು, ಉಸಿರು ಹಿಡಿದು ಎದ್ದಳು. ಅವನೂ ಎದ್ದ. ಒಂದೇ ಸಲಕ್ಕೆ ಮಂಚದ ಅಂಚಿನಲ್ಲಿ ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ರುದ್ರವ್ವ ಮೆಟ್ಟಿಲ ತನಕ ಓಡಿ, "ಬಾಯೀ, ಎತ್ತಿದೆ! ನಾನೊಬ್ಬಾಕೀನ ಎತ್ತಿದೆ!" ಎಂದು ಕೆಳಗಿದ್ದ ರಂಗೂಬಾಯಿಗೆ ಕೂಗಿದಳು.

ಸಂಜೆ ಪಂಢರಿನಾಥ ಬಂದ. ಅವಳು ಖುಷಿಯಿಂದ ಎಲ್ಲ ಹೇಳಿದಳು. ಅವನು ಎಂದಿನಂತೆ ಈರಬಸಪ್ಪನ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿದ. ಹೋಗುವಾಗ ಹೊಸ್ತಿಲಾಚೆ ನಿಂತ. ಕನ್ನಡ ಸಾಹುಕಾರರ ಸಹವಾಸದಿಂದ ಅವನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು.

"ಬಾಯೀ, ನಿಮ್ಮ ತಾಕತ್ತು ಖರೇ. ಆದ್ರ ನಿಮ್ಮ ಯಜಮಾನ್ರು ಹಗೂರ ಆಗ್ಯಾರ."

"ಹಗೂರ ಅಂದ್ರ?"

"ದಿನಾ ಬೆಲ್ಲದ ಹೊರಿ ಹೊರೂ ಕೈ ಇದು. ಸಂಕ್ರಾಂತಿಯಾಗ ಎರಡೂವರಿ ಮಣ ಇದ್ರು. ಈಗ ಒಂದೂವರಿನೂ ಇಲ್ಲ." ಅವನು ತಲೆ ತಗ್ಗಿಸಿದ. "ಮೊದಲ ಹೇಳಬೇಕಂತಿದ್ದೆ. ಬಾಯಿ ಬರ್ಲಿಲ್ಲ."

ಅವನು ಹೋದ ಮೇಲೆ ರುದ್ರವ್ವ ಒಳಗೆ ಬಂದು ಗಂಡನನ್ನು ನೋಡಿದಳು. ದಿನಕ್ಕೆ ಹತ್ತು ಸಲ ಮುಟ್ಟುವ ಮೈ. ಆದರೂ ಕೊರಳ ಎಲುಬು ಹೀಗೆ ಎದ್ದು ನಿಂತದ್ದು, ತೊಡೆಯ ಚರ್ಮ ಜೋಲಿದ್ದು ಅಂದೇ ಅವಳ ಕಣ್ಣಿಗೆ ಬಿತ್ತು. ಅವನು ಎರಡು ತುತ್ತಿಗೆ ಸಾಕೆಂದು ಕೈ ಅಡ್ಡ ಹಿಡಿಯುತ್ತಿದ್ದದ್ದು, ತಾನು ಬಸ್ಕಿಯ ಲೆಕ್ಕದ ಗುಂಗಿನಲ್ಲಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಡಾಕ್ಟರು ಬಂದು ನೋಡಿದರು. ಟಾನಿಕ್ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ಅವಳ ಮುಖ ನೋಡದೆ, "ತಿನ್ನಲು ಆಗುವಷ್ಟು ತಿನ್ನಿಸಿ" ಎಂದರು. ಅವಳು ಗಂಜಿ ಕುಡಿಸಿದಳು, ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ ತಿನ್ನಿಸಿದಳು. ಅದು ಅವನ ಬಾಯಿಯ ಬಲಮೂಲೆಯಿಂದ ಹೊರಗೆ ಬರುತ್ತಿತ್ತು.

ಬೆಳಿಗ್ಗೆ ಅಂಗಳಕ್ಕೆ ಹೋಗುವುದು ಬಿಟ್ಟಳು. ಅದಕ್ಕೆ ಈರಬಸಪ್ಪ ಒಪ್ಪಲಿಲ್ಲ. "ಹೋಗು" ಎಂದು ಎಡಗೈಯಿಂದ ಬಾಗಿಲು ತೋರಿಸುತ್ತಿದ್ದ. ಹೋಗದಿದ್ದರೆ ಗಂಜಿಗೆ ಬಾಯಿ ತೆರೆಯುತ್ತಿರಲಿಲ್ಲ. ಹೀಗಾಗಿ ಅವಳು ಹೋದಳು. ಮೊದಲ ಸಾಲಿನಲ್ಲಿ ನಿಂತು, ಯಾರ ಕಡೆಗೂ ನೋಡದೆ, ತಪ್ಪದೆ ಬಲಕ್ಕೆ ಬಲ, ಎಡಕ್ಕೆ ಎಡ ಕೈ ಬೀಸಿದಳು. ಒಂದೊಂದು ವಾರ ಕಳೆದಂತೆ ಅವನನ್ನು ಎತ್ತುವುದು ಸುಲಭವಾಗುತ್ತ ಹೋಯಿತು. ಕಷ್ಟವಾಗಲಿ, ಇಂದು ಒಂದು ದಿನ ಎತ್ತಲು ಆಗದೆ ಹೋಗಲಿ ಎಂದು ದೇವರ ಜಗಲಿಯ ಮುಂದೆ ಕೈಮುಗಿದದ್ದೂ ಉಂಟು.

ಭಾದ್ರಪದದಲ್ಲಿ, ಗಣಪತಿ ಕಳಿಸಿದ ಮೂರನೆಯ ದಿನ ಮುಂಜಾನೆ, ಅವಳು ಗಂಜಿಯ ಬಟ್ಟಲು ಹಿಡಿದು ಬಂದಾಗ ಈರಬಸಪ್ಪನ ಉಸಿರು ನಿಂತಿತ್ತು. ಮೈ ಇನ್ನೂ ಬೆಚ್ಚಗಿತ್ತು. ಲಿಂಗವಂತರಲ್ಲಿ ಸತ್ತವರನ್ನು ಕೂರಿಸುವುದು ಪದ್ಧತಿ. ಅದು ಗಂಡಸರ ಕೆಲಸ. ರುದ್ರವ್ವ ಯಾರನ್ನೂ ಕರೆಯಲಿಲ್ಲ. ಬಟ್ಟಲು ಕೆಳಗಿಟ್ಟು ಮೊಣಕಾಲು ಮಡಿಸಿದಳು, ಹಿಮ್ಮಡಿ ಊರಿದಳು, ಎದೆಗೆ ಎದೆ ಕೊಟ್ಟು ಎದ್ದಳು. ಅವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆಯೇ ರಂಗೂಬಾಯಿಯನ್ನು ಕೂಗಿದ್ದು.

ಅಡತಿಯ ಕನ್ನಡದ ಮಂದಿ ಬಂದರು. ಅವರಲ್ಲಿ ಹಿರಿಯರಾದ ಫಕೀರಪ್ಪನವರು ಒಳಗೆ ನೋಡಿ, "ಯಾರು ಕೂಡಿಸಿದ್ರವ್ವಾ?" ಎಂದು ಕೇಳಿದರು. ಅವಳು ಕೆಳಗಿದ್ದ ಗಂಜಿಯ ಬಟ್ಟಲು ಎತ್ತಿಕೊಂಡು ಅಡುಗೆಕೋಣೆಗೆ ಹೋದಳು.

ದಿನಕರ್ಮ ಮುಗಿದ ಮೇಲೆ ನವಲಗುಂದದಿಂದ ಬಂದ ಮೈದುನ ಶಿವಪುತ್ರಪ್ಪ, "ಇಲ್ಲೇನದ ವೈನಿ ಇನ್ನ? ಊರಿಗೆ ನಡೀರಿ" ಎಂದ. ಅವಳು ಡಬ್ಬಿ ಇಳಿಸಿ ಜೋಳದ ಹಿಟ್ಟು ಎಷ್ಟು ಉಳಿದಿದೆಯೆಂದು ನೋಡಿದಳು. ಅವನು ಎರಡು ದಿನ ಕಾದು, ಮೂರನೆಯ ದಿನ ರೈಲು ಹತ್ತಿದ. ಗುಮಾಸ್ತರ ರೊಟ್ಟಿ ಮತ್ತೆ ಶುರುವಾಯಿತು. ಶಾಲೆಯ ಅಂಗಳಕ್ಕೆ ಮಾತ್ರ ಅವಳು ಹೋಗಲಿಲ್ಲ.

ಒಂದು ಬೆಳಿಗ್ಗೆ ಪ್ರಫುಲ್ಲಾ ತಾನೇ ಮನೆಗೆ ಬಂದು, ಬಾಗಿಲಲ್ಲಿ ನಿಂತು, "ಕಾಕೂ, ಬರ್ತೀರಾ?" ಎಂದು ಕೇಳಿದಳು. ರುದ್ರವ್ವ ಅವಳನ್ನು ಒಳಗೆ ಕರೆದು ಕೂರಿಸಿದಳು, ಚಹಾ ಮಾಡಿಕೊಟ್ಟಳು.

"ನಾಚಿಕಿ ಏನೂ ಉಳಿದಿಲ್ರಿ ಬಾಯೀರ" ಎಂದಳು. "ನಾಲ್ಕು ಮಂದಿ ಮುಂದ ನಿಂದ್ರಾಕ ಈಗ ಏನೂ ಅನಸೂದಿಲ್ಲ. ಆದ್ರ ಕೈ ಎತ್ತಿದ್ರ ಕೈಯಾಗ ಏನೂ ಇಲ್ಲ ಅನಸ್ತದ."

ಪ್ರಫುಲ್ಲಾಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆ ಮಾತೆಲ್ಲ ಕನ್ನಡದಲ್ಲಿತ್ತು. ಅವಳು ಚಹಾ ಕುಡಿದು ಬಟ್ಟಲು ಕೆಳಗಿಟ್ಟು, ಅಂಗಳಕ್ಕೆ ಒಬ್ಬಳೇ ಹೊರಟಳು. ರುದ್ರವ್ವ ಹಿಟ್ಟು ನಾದುವ ಕೊಣಮಿಗೆಯ ಎದುರು ಕೂತು ರೊಟ್ಟಿ ತಟ್ಟತೊಡಗಿದಳು.