ತೂತಿನ ಕಾಸು ಕೊಟ್ಟ ಉಸಿರು

ಎಕ್ಸರೇ ನೋಡಿ ಡಾಕ್ಟರು ನಕ್ಕಾಗ ನನಗೆ ಸಿಟ್ಟೇ ಬಂತು. ಪುಟ್ಟ ಮಗ ಏನೋ ನುಂಗಿದ್ದ, ಮನೆಯಲ್ಲಿ ರಿಮೋಟಿನ ಗುಂಡನೆಯ ಸೆಲ್ಲೂ ಕಾಣೆಯಾಗಿತ್ತು. ಅದು ಒಳಗೆಲ್ಲ ಸುಡುತ್ತದಂತೆ! ಜೀವ ಕೈಯಲ್ಲಿ ಹಿಡಿದು ಸೊರಬದಿಂದ ಶಿಕಾರಿಪುರಕ್ಕೆ ಓಡಿಬಂದಿದ್ದೆವು.

"ಸೆಲ್ ಅಲ್ಲ ಬಿಡ್ರಿ, ನಡುವೆ ತೂತೈತಿ ನೋಡ್ರಿ. ಹೊಟ್ಟೆಗಿಳಿದೈತಿ, ತಾನೇ ಹೊರಗೆ ಬರ್ತೈತಿ" ಎಂದರು ಡಾಕ್ಟರು.

ಅತ್ತೆ ಮಗುವಿನ ಉಡುದಾರ ತಡಕಿದರು. "ಅಯ್ಯೋ, ನಾನು ಪೋಣಿಸಿದ್ದ ತೂತಿನ ಕಾಸು ಇಲ್ಲಲ್ಲೇ!"

ನಮ್ಮ ಹಳೇ ಕಾಸೆಂದು ಅವರು ಪೋಣಿಸಿದ್ದು ನನ್ನವರ ಸಂಗ್ರಹದಲ್ಲಿದ್ದ ಡೆನ್ಮಾರ್ಕಿನ ಇಪ್ಪತ್ತೈದು 'ಓರೆ'ಯ ನಾಣ್ಯ; ಓರೆ ಎಂದರೆ ಅಲ್ಲಿನ ಪೈಸೆ. ಕಿರೀಟದ ಗುರುತಿನ ಆ ಪುಡಿಕಾಸು ಈಗ ಅದರ ದೇಶದಲ್ಲೇ ನಡೆಯುವುದಿಲ್ಲ.

ಮರುದಿನ ಅದು ಹೊರಬಂತು, ಕಿರೀಟ ಮಾಸದೆ. ಅಷ್ಟು ದೂರದವರು ಆ ತೂತನ್ನು ಯಾಕೆ ಕೊರೆದರೋ ಗೊತ್ತಿಲ್ಲ; ಅವತ್ತು ನನ್ನ ಉಸಿರು ಮರಳಿದ್ದು ಅದರೊಳಗಿಂದಲೇ.