ಹುಂಜದ ಕೊನೆಯ ಬೆಳಗು

ದೀಪಾವಳಿಯ ಮರುದಿನ ಕೋಣಂದೂರಿನ ಸುಮಿತ್ರೆಯ ಮನೆಯಲ್ಲಿ ನಾವು ಕಾಲೇಜಿನ ಹಳೆಯ ಗೆಳತಿಯರೆಲ್ಲ ಸೇರಿದ್ದೆವು. ಮಧ್ಯಾಹ್ನಕ್ಕೆ ಕಡುಬು, ಕೋಳಿ ಸಾರು ಎಂದಾಗಿತ್ತು. ನಾನೀಗ ಫಾರಂ ಕೋಳಿ ಮುಟ್ಟುವುದಿಲ್ಲ; ಹೊರಗೆ ಓಡಾಡಿ ಬೆಳೆದದ್ದಾದರೆ ಮಾತ್ರ ತಿನ್ನುತ್ತೇನೆ.

“ಈ ಹುಂಜ ಹೇಗೆ ಬೆಳೆದದ್ದು, ಅಮ್ಮಾ?” ಎಂದು ಸಾರಿಗೆಂದು ಗೂಡಿನಲ್ಲಿಟ್ಟಿದ್ದ ಹುಂಜವನ್ನು ತೋರಿಸಿ ಸುಮಿತ್ರೆಯ ಅತ್ತೆಯನ್ನು ಕೇಳಿದೆ.

“ಸೊಸೆ ತರೋವಾಗ್ಲೂ ನಾವು ಇಷ್ಟು ವಿಚಾರಿಸ್ಲಿಲ್ಲ, ಮಾರಾಯ್ತಿ!”

ಅದನ್ನು ಹಿಡಿಯಲು ಅವರು ಗೂಡಿಗೆ ಕೈ ಹಾಕಿದಾಗ ನಾನು ತಡೆದೆ. “ಕೊನೇ ಬೆಳಗಾದ್ರೂ ಸ್ವಲ್ಪ ಮೇಯ್ಲಿ ಬಿಡಿ.”

“ಬಿಟ್ರೆ ಆಮೇಲೆ ಹಿಡಿಯೋರು ಯಾರು?”

“ನಾವೆಲ್ಲ ಇದೀವಲ್ಲ!”

ಅವರು ಗೂಡಿನ ಬಾಗಿಲು ತೆಗೆದರು. ಮೇದಾದ ಮೇಲೆ ಹಿಡಿಯಹೋದರೆ, ಹುಂಜ ರೇಷ್ಮೆ ಸೀರೆಯುಟ್ಟ ಪದವೀಧರೆಯರನ್ನೆಲ್ಲ ಗದ್ದೆಯ ಅಂಚಿನವರೆಗೂ ತನ್ನ ಹಿಂದೆ ಓಡಿಸಿ, ಹಲಸಿನ ಮರ ಹತ್ತಿ ಕೂತಿತು.

“ಓಡಾಡಿ ಬೆಳೆದದ್ದು ಅಂತ ಈಗ ನಂಬಿಕೆ ಬಂತಾ?” ಎನ್ನುತ್ತ ಅತ್ತೆ ಸೌತೆಕಾಯಿ ಹೆಚ್ಚಲು ಕೂತರು.

ನಾವು ಕಡುಬಿಗೆ ಸೌತೆಕಾಯಿ ಹುಳಿ ಹಾಕಿಕೊಂಡು ಉಣ್ಣುತ್ತಿರುವಾಗ ಹುಂಜ ತಾನಾಗಿಯೇ ಜಗಲಿಗೆ ಬಂತು. ಹಿಡಿಯಲು ಯಾರೂ ಏಳಲಿಲ್ಲ. ನಾನೊಂದು ಚೂರು ಕಡುಬು ಹಾಕಿದೆ. ಹಬ್ಬಕ್ಕೆ ಉಂಡವರ ಹೆಸರನ್ನು ಪ್ರತಿವರ್ಷ ಬರೆದಿಡುವುದು ನನ್ನ ಅಭ್ಯಾಸ. ಈ ವರ್ಷದ ಪಟ್ಟಿಯಲ್ಲಿ ಹುಂಜವೂ ಇದೆ.